ಅಹವಾಲು ಕೇಳದ ಆದೇಶಗಳು

2012ರ ಆಗಸ್ಟ್ ನಡುವಿನಲ್ಲಿ ಬೆಂಗಳೂರಿನ ರೈಲು ನಿಲ್ದಾಣ ಗುವಾಹಟಿಗೆ ಹೊರಟ ಜನರಿಂದ ತುಂಬಿಹೋಗಿತ್ತು. ಅಸ್ಸಾಮಿನ ಕೊಕ್ರಝಾರ್‌ನಲ್ಲಿ ನಡೆದ ಹಿಂಸೆಗೆ ಇಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ವದಂತಿ ಮೊಬೈಲ್‌ನಿಂದ ಮೊಬೈಲ್‌ಗೆ ಹಬ್ಬಿತ್ತು. ಹೋಟೆಲುಗಳಲ್ಲಿ, ಕಾವಲು ಕೆಲಸದಲ್ಲಿ, ಕಾಲೇಜುಗಳಲ್ಲಿ ಇದ್ದ ಈಶಾನ್ಯದ ಸಾವಿರಾರು ಮಂದಿ ಎರಡು ಮೂರು ದಿನಗಳಲ್ಲಿ ಊರು ಬಿಟ್ಟರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವುದನ್ನು 15 ದಿನ ನಿಷೇಧಿಸಿತು, ಜೊತೆಗೆ ಅಂತರ್ಜಾಲದ ನೂರಾರು ಪುಟಗಳನ್ನು ಮುಚ್ಚಿಸಿತು. ಬೆಂಗಳೂರಿನದೇ ಆದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಆಗ ಮುಚ್ಚಿಸಿದ 309 ಕೊಂಡಿಗಳ ಪಟ್ಟಿಯನ್ನು ಪರಿಶೀಲಿಸಿತು. ವದಂತಿ ಹರಡಿದ ಪುಟಗಳ ಜೊತೆಗೆ, ಆ ವದಂತಿ ಸುಳ್ಳೆಂದು ತೋರಿಸಿಕೊಟ್ಟ ಬರಹಗಳೂ ಅದರಲ್ಲಿ ಸೇರಿದ್ದವು.

ಸರ್ಕಾರ ಅಂದು ಏನೂ ಮಾಡಬಾರದಿತ್ತು ಎಂದು ನಾನು ಹೇಳುವುದಿಲ್ಲ. ಜನ ಜೀವಭಯದಿಂದ ಓಡುತ್ತಿದ್ದಾಗ ಯಾವ ಸರ್ಕಾರವೂ ಕೈಕಟ್ಟಿ ಕೂರಲಾಗದು. ಆದರೆ ವದಂತಿಯನ್ನು ಬಯಲು ಮಾಡಿದವನ ಬರಹವೂ ಅಳಿದದ್ದು ಏಕೆ? ಅವನನ್ನು ಯಾರೂ ಕೇಳಲಿಲ್ಲ, ಅಷ್ಟೇ ಕಾರಣ. ಮುಚ್ಚುವ ಮೊದಲು ಕೇಳಲಿಲ್ಲ, ಮುಚ್ಚಿದ ಮೇಲೆ ತಿಳಿಸಲಿಲ್ಲ. ಅಂತರ್ಜಾಲದ ಸ್ವಾತಂತ್ರ್ಯ, ಖಾಸಗಿತನ, ಕೃತಿಸ್ವಾಮ್ಯ ಇವು ಮೂರೂ ಬೇರೆ ಬೇರೆ ಕಾನೂನುಗಳ ವಿಷಯ. ಬೇರೆ ಬೇರೆ ವಕೀಲರು, ಬೇರೆ ಬೇರೆ ಹೋರಾಟಗಾರರು ಅವುಗಳ ಹಿಂದಿದ್ದಾರೆ. ಆದರೂ ಭಾರತದಲ್ಲಿ ಈ ಮೂರನ್ನೂ ಸೇರಿಸಿ ನೋಡಿದರೆ ಒಂದೇ ಕೊರತೆ ಮತ್ತೆ ಮತ್ತೆ ಎದುರಾಗುತ್ತದೆ. ಯಾರ ಮಾತು, ಯಾರ ಮಾಹಿತಿ, ಯಾರ ಪುಸ್ತಕದ ಬಗ್ಗೆ ತೀರ್ಮಾನವಾಗುತ್ತದೆಯೋ ಅವರು ಆ ಕೋಣೆಯಲ್ಲಿ ಇರುವುದಿಲ್ಲ.

ಮೊದಲು ಮಾತಿನ ವಿಷಯ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಮುಂಬೈ ದಾಳಿ ನಡೆದು ತಿಂಗಳೂ ಕಳೆದಿರಲಿಲ್ಲ. ಸಂಸತ್ತಿನಲ್ಲಿ ಚರ್ಚೆಯೆಂಬುದು ನಡೆಯಲೇ ಇಲ್ಲವೆನ್ನಬಹುದು. ಆ ತಿದ್ದುಪಡಿಯಲ್ಲಿ 66ಎ ಎಂಬ ಸೆಕ್ಷನ್ ಬಂತು. ಕಿರಿಕಿರಿ, ಅನಾನುಕೂಲ ಉಂಟುಮಾಡುವ ಸಂದೇಶ ಕಳಿಸಿದರೂ ಮೂರು ವರ್ಷದವರೆಗೆ ಜೈಲು. 2012ರಲ್ಲಿ ಕೋಲ್ಕತ್ತದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಯ ಬಗೆಗಿನ ವ್ಯಂಗ್ಯಚಿತ್ರವನ್ನು ಇಮೇಲ್‌ನಲ್ಲಿ ಮುಂದಕ್ಕೆ ಕಳಿಸಿ ಬಂಧನಕ್ಕೊಳಗಾದರು. ಅದೇ ವರ್ಷ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ, ಅದನ್ನು ಲೈಕ್ ಮಾಡಿದ ಅವಳ ಗೆಳತಿಯನ್ನೂ ಪಾಲ್ಘರ್‌ನ ಪೊಲೀಸರು ಹಿಡಿದರು. ಇದನ್ನು ಓದಿ ಸುಪ್ರೀಂ ಕೋರ್ಟಿಗೆ ಹೋದವರು ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್. 2015ರ ಮಾರ್ಚ್ 24ರಂದು ನ್ಯಾಯಾಲಯ 66ಎಯನ್ನು ಪೂರ್ತಿಯಾಗಿ ರದ್ದು ಮಾಡಿತು. ರದ್ದಾದ ಮೇಲೂ ಕೆಲವು ಠಾಣೆಗಳಲ್ಲಿ ಅದೇ ಸೆಕ್ಷನ್ ಹಾಕಿ ಮೊಕದ್ದಮೆ ಹೂಡುತ್ತಿದ್ದರು. 2022ರ ಅಕ್ಟೋಬರಿನಲ್ಲಿ ನ್ಯಾಯಾಲಯ ಮತ್ತೊಮ್ಮೆ ಗದರಿಸಿ ಆದೇಶ ಕೊಡಬೇಕಾಯಿತು.

ಆ ತೀರ್ಪಿನಲ್ಲಿ ಎಲ್ಲರೂ ಸಂಭ್ರಮಿಸಿದ ಭಾಗ ಇದು. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಭಾಗ ಈಗ ಹೆಚ್ಚು ಮುಖ್ಯವಾಗಿದೆ. ಪುಟ, ಖಾತೆ, ವಿಡಿಯೊಗಳನ್ನು ಮುಚ್ಚಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುವ 69ಎ ಸೆಕ್ಷನ್ನನ್ನು ನ್ಯಾಯಾಲಯ ಎತ್ತಿಹಿಡಿಯಿತು. ಎತ್ತಿಹಿಡಿಯಲು ಕೊಟ್ಟ ಕಾರಣ, ಅದರಲ್ಲಿ ರಕ್ಷಣೆಗಳಿವೆ ಎಂಬುದು. ದೇಶದ ಸಾರ್ವಭೌಮತೆ, ಭದ್ರತೆ, ಸಾರ್ವಜನಿಕ ಶಾಂತಿಯಂಥ ಕೆಲವೇ ಕಾರಣಗಳಿಗೆ ಮಾತ್ರ ಅದನ್ನು ಬಳಸಬಹುದು. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಬರೆದವನು ಯಾರೆಂದು ಪತ್ತೆಯಾದರೆ ಅವನ ಮಾತನ್ನೂ ಕೇಳಬೇಕು. ಕಾಗದದ ಮೇಲೆ ಇದೆಲ್ಲ ಸರಿಯಾಗಿಯೇ ಇದೆ. ಆದರೆ 2009ರ ನಿಯಮಾವಳಿಯ 8ನೇ ನಿಯಮದ ಪ್ರಕಾರ ನೋಟಿಸ್ ಹೋಗಬೇಕಾದದ್ದು ಬರೆದ ವ್ಯಕ್ತಿಗೆ ಅಥವಾ ಕಂಪನಿಗೆ. ಕಂಪನಿಗೆ ಕಳಿಸಿದರೆ ಸಾಕು ಎಂದು ಅಧಿಕಾರಿಗಳು ಅದನ್ನು ಓದಿಕೊಂಡರು. 16ನೇ ನಿಯಮವಂತೂ ದೂರು ಮತ್ತು ಆದೇಶವನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ತುರ್ತು ಸಂದರ್ಭಕ್ಕೆಂದು ಇರುವ 9ನೇ ನಿಯಮದಲ್ಲಿ ಮೊದಲೇ ನೋಟಿಸ್ ಕೊಡುವ ಅಗತ್ಯವೂ ಇಲ್ಲ. ಹೀಗಾಗಿ ನ್ಯಾಯಾಲಯ ನಂಬಿದ ರಕ್ಷಣೆಗಳು ಬರೆಯುವವನ ತನಕ ತಲುಪುವುದೇ ಇಲ್ಲ. ಸಂಸತ್ತಿಗೆ ಸರ್ಕಾರವೇ ಕೊಟ್ಟ ಅಂಕಿಗಳ ಪ್ರಕಾರ ಮುಚ್ಚಿಸಿದ ಕೊಂಡಿಗಳು 2014ರಲ್ಲಿ 471 ಇದ್ದವು, 2020ರಲ್ಲಿ 9,849 ಆಗಿದ್ದವು. ಅಷ್ಟೂ ಆದೇಶಗಳಲ್ಲಿ ಜನರ ಕಣ್ಣಿಗೆ ಬಿದ್ದವು ಬೆರಳೆಣಿಕೆಯಷ್ಟು.

ಈ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೇ ಬಂತು. ರೈತ ಚಳವಳಿಯ ಕಾಲದಿಂದ ಬಂದ ಸರಣಿ ಆದೇಶಗಳಲ್ಲಿ 39 ಕೊಂಡಿಗಳ ವಿಷಯವನ್ನು ಹಿಡಿದು ಟ್ವಿಟರ್ 2022ರ ಜುಲೈನಲ್ಲಿ ಅರ್ಜಿ ಹಾಕಿತು. ಬರೆದವರಿಗೆ ನೋಟಿಸ್ ಕೊಟ್ಟಿಲ್ಲ, ಒಂದು ಬರಹ ತಪ್ಪಿದ್ದರೆ ಇಡೀ ಖಾತೆಯನ್ನೇ ಮುಚ್ಚಿಸುವುದು ಸರಿಯಲ್ಲ ಎಂಬುದು ಅದರ ವಾದ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿಯನ್ನು ವಜಾಗೊಳಿಸಿ, ಆದೇಶ ಪಾಲಿಸಲು ತಡಮಾಡಿದ್ದಕ್ಕೆ ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿದರು. ಕಂಪನಿ ವಿಭಾಗೀಯ ಪೀಠಕ್ಕೆ ಮೇಲ್ಮನವಿ ಸಲ್ಲಿಸಿತು. ಆಮೇಲೆ ಬಂದದ್ದು ಸಹಯೋಗ್ ಪೋರ್ಟಲ್. ಗೃಹ ಸಚಿವಾಲಯ 2024ರಲ್ಲಿ ತೆರೆದ ಈ ವ್ಯವಸ್ಥೆಯಲ್ಲಿ ಕೇಂದ್ರದ ಇಲಾಖೆಗಳೂ ರಾಜ್ಯಗಳ ಪೊಲೀಸರೂ ನೇರವಾಗಿ ಕಂಪನಿಗಳಿಗೆ 'ಇದನ್ನು ತೆಗೆಯಿರಿ' ಎಂದು ಹೇಳಬಹುದು. ಅದಕ್ಕೆ ಆಧಾರ 69ಎ ಅಲ್ಲ, 79ನೇ ಸೆಕ್ಷನ್. ಬಳಕೆದಾರರ ಬರಹಕ್ಕೆ ಕಂಪನಿಯನ್ನು ಹೊಣೆ ಮಾಡಬಾರದು ಎಂದು ರಕ್ಷಣೆ ಕೊಡಲು ಬರೆದ ಸೆಕ್ಷನ್ ಅದು. ಹೇಳಿದ್ದನ್ನು ತೆಗೆಯದಿದ್ದರೆ ಆ ರಕ್ಷಣೆ ತಪ್ಪುತ್ತದೆ ಎಂಬ ಅಂಶವನ್ನು ಹಿಡಿದು ಅದನ್ನೇ ತೆಗೆಸುವ ಅಧಿಕಾರವಾಗಿ ಬಳಸಲಾಯಿತು. 69ಎಯಲ್ಲಿರುವ ಸಮಿತಿ, ವಿಚಾರಣೆ, ಮರುಪರಿಶೀಲನೆ ಯಾವುದೂ ಇಲ್ಲಿ ಬೇಕಿಲ್ಲ. ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ಕಂಪನಿ ಇದನ್ನೂ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ವಜಾ ಮಾಡಿದರು. ಸಂವಿಧಾನದ 19ನೇ ವಿಧಿಯ ವಾಕ್‌ಸ್ವಾತಂತ್ರ್ಯ ಭಾರತದ ಪ್ರಜೆಗಳಿಗೆ ಸಲ್ಲುವ ಹಕ್ಕು, ವಿದೇಶಿ ಕಂಪನಿ ಅದನ್ನು ಕೇಳಲಾಗದು ಎಂಬುದು ಒಂದು ಮುಖ್ಯ ಕಾರಣ.

ಆ ಮಾತು ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು. ಅಮೆರಿಕದ ಶ್ರೀಮಂತ ಕಂಪನಿಯೊಂದು ನಮ್ಮ ವಾಕ್‌ಸ್ವಾತಂತ್ರ್ಯದ ವಾರಸುದಾರನಂತೆ ನಿಲ್ಲುವುದು ನನಗೂ ಹಿತವೆನಿಸುವುದಿಲ್ಲ. ಆದರೆ ಇದರ ಪರಿಣಾಮವನ್ನು ನೋಡಬೇಕು. ಹಕ್ಕು ಇರುವುದು ಪ್ರಜೆಗೆ. ಪ್ರಜೆಗೆ ನೋಟಿಸ್ ಬರುವುದಿಲ್ಲ. ನೋಟಿಸ್ ಬರುವುದು ಕಂಪನಿಗೆ, ಕಂಪನಿಗೆ ಹಕ್ಕಿಲ್ಲ. ಹಾಗಾದರೆ ಆದೇಶ ತಪ್ಪಾಗಿದ್ದರೆ ಅದನ್ನು ನ್ಯಾಯಾಲಯದ ಮುಂದೆ ತರುವವರು ಯಾರು? ಈ ಪ್ರಶ್ನೆಗೆ ಎರಡೂ ತೀರ್ಪುಗಳಲ್ಲಿ ನನಗೆ ಸಮಾಧಾನ ತರುವ ಉತ್ತರ ಸಿಕ್ಕಿಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ತಾನೇ ನಿಯಮ ಬದಲಿಸಿ, ಜಂಟಿ ಕಾರ್ಯದರ್ಶಿ ಮಟ್ಟದ ಅಥವಾ ಪೊಲೀಸರಲ್ಲಾದರೆ ಡಿಐಜಿ ಮಟ್ಟದ ಅಧಿಕಾರಿಯೇ ಇಂಥ ಸೂಚನೆ ಕೊಡಬೇಕು, ಕಾರಣ ಹೇಳಬೇಕು, ತಿಂಗಳಿಗೊಮ್ಮೆ ಮೇಲಧಿಕಾರಿ ಪರಿಶೀಲಿಸಬೇಕು ಎಂದಿತು. ಸ್ವಲ್ಪ ಸುಧಾರಣೆಯೇ. ಆದರೂ ಬರೆದವನಿಗೆ ತಿಳಿಸುವ ಮಾತು ಅದರಲ್ಲೂ ಇಲ್ಲ.

ಇದನ್ನು ಒಂದು ಪಕ್ಷದ ತಲೆಗೆ ಕಟ್ಟುವುದು ಸುಲಭ, ಆದರೆ ಸತ್ಯಕ್ಕೆ ದೂರ. 66ಎ ತಂದದ್ದು ಯುಪಿಎ. ಸರ್ಕಾರದ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಸರ್ಕಾರದ ಘಟಕವೇ ತೀರ್ಮಾನಿಸಬೇಕೆಂದು 2023ರಲ್ಲಿ ನಿಯಮ ಮಾಡಿದ್ದು ಎನ್‌ಡಿಎ. ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದುಪಡಿಸಿತು. 2025ರ ಜೂನ್‌ನಲ್ಲಿ ಹೊರಬಂದ ಕರ್ನಾಟಕ ಸರ್ಕಾರದ ಸುಳ್ಳುಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡದ ಪ್ರಸ್ತಾಪವಿತ್ತು. ವಿರೋಧ ಪಕ್ಷದಲ್ಲಿದ್ದಾಗ ಕೇಳುವ ಪ್ರಶ್ನೆಗಳನ್ನು ಅಧಿಕಾರಕ್ಕೆ ಬಂದ ಮೇಲೆ ಮರೆಯುವುದರಲ್ಲಿ ನಮ್ಮ ಪಕ್ಷಗಳ ನಡುವೆ ವ್ಯತ್ಯಾಸ ಕಾಣುವುದಿಲ್ಲ.

ಇಡೀ ಅಂತರ್ಜಾಲವನ್ನೇ ನಿಲ್ಲಿಸುವ ಕ್ರಮದ ಬಗ್ಗೆ ಬಹಳ ಬರೆಯಲಾಗಿದೆ, ಇಲ್ಲಿ ಎರಡು ಮಾತು ಸಾಕು. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ ವೇಗದ ಅಂತರ್ಜಾಲ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರುವರಿಯಲ್ಲಿ. 2019ರ ಡಿಸೆಂಬರಿನಲ್ಲಿ ಮಂಗಳೂರಿನ ಗೋಲಿಬಾರ್ ನಂತರ ದಕ್ಷಿಣ ಕನ್ನಡದಲ್ಲೂ ಮೊಬೈಲ್ ಡೇಟಾ ನಿಂತಿತ್ತು. ಅನುರಾಧಾ ಭಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಇಂಥ ಪ್ರತಿಯೊಂದು ಆದೇಶವನ್ನೂ ಪ್ರಕಟಿಸಬೇಕು ಎಂದಿತು. ಪ್ರಕಟವಾದರೆ ತಾನೇ ಅದನ್ನು ಪ್ರಶ್ನಿಸಲಾಗುವುದು. ಎರಡು ವರ್ಷ ತುಂಬುವುದರೊಳಗೆ ಸಂಸದೀಯ ಸ್ಥಾಯಿ ಸಮಿತಿ ನೋಡಿದಾಗ, ದೇಶದಲ್ಲಿ ಎಷ್ಟು ಸಲ ಹೀಗೆ ನಿಲ್ಲಿಸಲಾಯಿತು ಎಂಬ ಕೇಂದ್ರೀಯ ದಾಖಲೆಯೇ ಸರ್ಕಾರದ ಬಳಿ ಇರಲಿಲ್ಲ. ಲೆಕ್ಕ ಇಡುತ್ತಿರುವುದು ಆಕ್ಸೆಸ್ ನೌ ಎಂಬ ಅಂತರರಾಷ್ಟ್ರೀಯ ಸಂಸ್ಥೆ: 2023ರಲ್ಲಿ 116 ಸಲ, 2024ರಲ್ಲಿ 84 ಸಲ.

ಖಾಸಗಿತನದ ಕಥೆಗೆ ಕರ್ನಾಟಕದ ನೆಲದಲ್ಲೇ ಬೇರುಗಳಿವೆ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಿಂದ. ರಾಜಕಾರಣಿಗಳು, ಪತ್ರಕರ್ತರು ಸೇರಿ ಹಲವರ ಫೋನುಗಳನ್ನು ಪೊಲೀಸರು ಆಲಿಸುತ್ತಿದ್ದರೆಂಬ ಪಟ್ಟಿ ಹೊರಬಿದ್ದಾಗ ಹೆಗಡೆ ನೈತಿಕ ಹೊಣೆ ಹೊತ್ತು ಇಳಿದರು. ಕದ್ದಾಲಿಕೆಯ ಕಾರಣಕ್ಕೆ ಮುಖ್ಯಮಂತ್ರಿಯೊಬ್ಬರು ಅಧಿಕಾರ ಬಿಡುವುದನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಆ ಕಾಲದ ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಬಗ್ಗೆ ಸಿಬಿಐ ಕೊಟ್ಟ ವರದಿ ಬಹಿರಂಗವಾದಾಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರಿನಲ್ಲಿ ಬಂದ ತೀರ್ಪು, ಫೋನ್ ಮಾತುಕತೆ ಖಾಸಗಿತನದ ಭಾಗ ಎಂದಿತು. ಗೃಹ ಕಾರ್ಯದರ್ಶಿಯ ಲಿಖಿತ ಆದೇಶವಿಲ್ಲದೆ ಆಲಿಸಬಾರದು, ಪ್ರತಿಯೊಂದು ಆದೇಶವನ್ನೂ ಎರಡು ತಿಂಗಳೊಳಗೆ ಒಂದು ಸಮಿತಿ ಪರಿಶೀಲಿಸಬೇಕು ಎಂದು ಕಟ್ಟುಪಾಡು ಹಾಕಿತು. ಆದರೆ ಮೊದಲು ನ್ಯಾಯಾಧೀಶರ ಒಪ್ಪಿಗೆ ಪಡೆಯಬೇಕೆಂಬ ಬೇಡಿಕೆಯನ್ನು ಅದು ಒಪ್ಪಲಿಲ್ಲ. ನನ್ನ ದೃಷ್ಟಿಯಲ್ಲಿ ಆ ಒಂದು ಹೆಜ್ಜೆ ಹಿಂದೆ ಸರಿದದ್ದರ ಬೆಲೆಯನ್ನು ನಾವು ಇಂದಿಗೂ ತೆರುತ್ತಿದ್ದೇವೆ.

ಏಕೆಂದರೆ ಆ ಸಮಿತಿಯಲ್ಲಿರುವವರು ಎಲ್ಲರೂ ಸರ್ಕಾರದ ಕಾರ್ಯದರ್ಶಿಗಳು. ಕೇಂದ್ರದ ಮಟ್ಟದಲ್ಲಿ ಸಂಪುಟ ಕಾರ್ಯದರ್ಶಿ ಅದರ ಮುಖ್ಯಸ್ಥರು. ಕೇಂದ್ರ ಸರ್ಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತದೆ ಎಂದು ಮಾಹಿತಿ ಹಕ್ಕಿನಡಿ ಬಂದ ಉತ್ತರದಿಂದ ತಿಳಿಯಿತು. ದತ್ತಾಂಶ ರಕ್ಷಣೆಯ ಬಗ್ಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ವರದಿ ಇದೇ ಲೆಕ್ಕ ಮಾಡಿ ತೋರಿಸಿತು: ಎರಡು ತಿಂಗಳಿಗೊಮ್ಮೆ ಸೇರುವ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಕಡತಗಳು ಇರುತ್ತವೆ. ಓದುವುದಿರಲಿ, ಅಷ್ಟಕ್ಕೆ ಸಹಿ ಹಾಕಿ ಮುಗಿಸುವುದೂ ಒಂದು ದಿನದ ಕೆಲಸವಲ್ಲ. ಕದ್ದಾಲಿಸಲ್ಪಟ್ಟವನಿಗೆ ತನಿಖೆ ಮುಗಿದ ಮೇಲೂ ತಿಳಿಸುವ ಪದ್ಧತಿ ನಮ್ಮಲ್ಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂತು. ಕದ್ದಾಲಿಕೆಯ ಹೊಸ ನಿಯಮಗಳು 2024ರ ಡಿಸೆಂಬರಿನಲ್ಲಿ ಬಂದವು. ಸಮಿತಿಯಲ್ಲಿ ಈಗಲೂ ಅಧಿಕಾರಿಗಳೇ ಇದ್ದಾರೆ.

ಪೆಗಾಸಸ್ ಎಂಬ ಗೂಢಚಾರ ತಂತ್ರಾಂಶದ ವಿಷಯದಲ್ಲಿ ಈ ಗುಟ್ಟು ಇನ್ನಷ್ಟು ಬಿಗಿಯಾಯಿತು. 2021ರ ಜುಲೈನಲ್ಲಿ ಪತ್ರಿಕೆಗಳ ಒಕ್ಕೂಟ ಪ್ರಕಟಿಸಿದ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ, 2019ರಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಹೊತ್ತಿನ ಉಪಮುಖ್ಯಮಂತ್ರಿಯ ಸಂಖ್ಯೆಯೂ, ಮುಖ್ಯಮಂತ್ರಿ ಮತ್ತು ಮಾಜಿ ಮುಖ್ಯಮಂತ್ರಿಯ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳೂ ಇದ್ದವೆಂದು ವರದಿಯಾಯಿತು. ಪಟ್ಟಿಯಲ್ಲಿ ಸಂಖ್ಯೆ ಇದ್ದ ಮಾತ್ರಕ್ಕೆ ಫೋನಿನೊಳಗೆ ಗೂಢಚಾರ ತಂತ್ರಾಂಶ ಹೊಕ್ಕಿತ್ತು ಎಂದಾಗುವುದಿಲ್ಲ. ಅದನ್ನು ತಿಳಿಯಲೆಂದೇ ಸುಪ್ರೀಂ ಕೋರ್ಟ್, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಯಾವುದೋ ಕುತಂತ್ರಾಂಶ ಇತ್ತು, ಅದು ಪೆಗಾಸಸ್ ಎಂದು ಖಚಿತವಾಗಿ ಹೇಳಲಾಗದು, ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯದಲ್ಲಿ ತಿಳಿಸಲಾಯಿತು. ವರದಿ ಮೊಹರಾದ ಲಕೋಟೆಯಲ್ಲೇ ಉಳಿಯಿತು.

ಇಷ್ಟರ ನಡುವೆ ಖಾಸಗಿತನ ಮೂಲಭೂತ ಹಕ್ಕಾದದ್ದು ಒಬ್ಬ ಕನ್ನಡಿಗರ ಹಟದಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಗೆ ಸಂಸತ್ತಿನ ಕಾನೂನಿನ ಬೆಂಬಲವೇ ಇಲ್ಲವೆಂದು ಅರ್ಜಿ ಹಾಕಿದರು. ಕೇಂದ್ರದ ಅಟಾರ್ನಿ ಜನರಲ್ 2015ರಲ್ಲಿ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿದರು. ಅದಕ್ಕೆ ಅವರು ನೆಚ್ಚಿದ್ದು 1954ರ ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಸರ್ಕಾರ ಖಾಸಗಿತನವನ್ನು ಮುಟ್ಟಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟು ಮಾತ್ರವೇ ಮುಟ್ಟಬೇಕು ಎಂಬ ಅಳತೆಗೋಲು ಅಂದಿನಿಂದ ನಮಗೆ ಸಿಕ್ಕಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ಕಾನೂನು ಶಾಲೆಗಳಲ್ಲೆಲ್ಲ ದಿನವೂ ಉಚ್ಚಾರವಾಗುತ್ತದೆ. ಕನ್ನಡ ಶಾಲೆಗಳ ಪಾಠದಲ್ಲೂ ಅದು ಬರಬೇಕೆಂದು ನನ್ನ ಆಸೆ.

ಆ ಹಕ್ಕಿಗೆ ಕಾನೂನಿನ ರೂಪ ಕೊಡಲು ಇನ್ನೂ ಆರು ವರ್ಷ ಹಿಡಿಯಿತು. 2019ರ ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು, 2022ರಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹೊಸ ಕರಡಿನ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಿದ ಸಚಿವಾಲಯ, ಬಂದ ಅಭಿಪ್ರಾಯಗಳನ್ನು ಬಹಿರಂಗಪಡಿಸುವುದಿಲ್ಲವೆಂದು ಮೊದಲೇ ಹೇಳಿತು. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಅಂಗೀಕಾರವಾಯಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಬಹುಮುಖ್ಯ ಭಾಗಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಕಂಪನಿಗಳ ಮಟ್ಟಿಗೆ ಈ ಕಾಯ್ದೆಗೆ ಹಲ್ಲುಗಳಿವೆ: ದತ್ತಾಂಶ ಸೋರಿಕೆ ತಡೆಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು ಎಂಬ ಅಂಶ ಕನ್ನಡಿಗರಿಗೆ ಬಹಳ ಬೆಲೆಯುಳ್ಳದ್ದು. ಸಾಲದ ಆಪ್‌ಗಳಿಗೆ ಫೋನ್ ಪುಸ್ತಕವನ್ನೇ ಒಪ್ಪಿಸಿ ಮಾನ ಕಳೆದುಕೊಂಡ ಎಷ್ಟೋ ಜನಕ್ಕೆ ತಾವು ಯಾವುದಕ್ಕೆ 'ಅಲೌ' ಒತ್ತಿದೆವು ಎಂಬುದೇ ಗೊತ್ತಿರಲಿಲ್ಲ.

ಸರ್ಕಾರದ ಮಟ್ಟಿಗೆ ನೋಡಿದರೆ ಚಿತ್ರ ಬೇರೆ. 17ನೇ ಸೆಕ್ಷನ್ ಪ್ರಕಾರ ಕೇಂದ್ರ ತನ್ನ ಯಾವ ಸಂಸ್ಥೆಯನ್ನಾದರೂ ಅಧಿಸೂಚನೆ ಹೊರಡಿಸಿ ಕಾಯ್ದೆಯಿಂದ ಹೊರಗಿಡಬಹುದು. ದೂರು ಕೇಳುವ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರವೇ. ಹಿಂದಿನ ಕರಡುಗಳಲ್ಲಿ ಪತ್ರಿಕೋದ್ಯಮಕ್ಕೆ ಇದ್ದ ವಿನಾಯಿತಿ ಕೊನೆಯ ಪಠ್ಯದಲ್ಲಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮಾಹಿತಿ ಹಕ್ಕಿಗೆ. 2005ರ ಆ ಕಾಯ್ದೆಯಲ್ಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಸಂಸತ್ತಿಗೆ ಕೊಡಬೇಕಾದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿರಲಿಲ್ಲ. ಹೊಸ ಕಾಯ್ದೆ ಈ ಎರಡೂ ಮಾತನ್ನು ಕಿತ್ತುಹಾಕಿ, ವೈಯಕ್ತಿಕ ಮಾಹಿತಿ ಎಂದಾದರೆ ಸಾಕು, ಕೊಡಬೇಕಿಲ್ಲ ಎಂದಿತು. ಸಾರ್ವಜನಿಕ ಹಿತ ಹೆಚ್ಚಿದ್ದರೆ ಕೊಡಲು 8(2)ನೇ ಸೆಕ್ಷನ್ ಇನ್ನೂ ಇದೆ ಎಂಬುದು ಸರ್ಕಾರದ ಸಮರ್ಥನೆ. ಅದು ನಿಜ. ಆದರೆ ಕೊಡುವುದೋ ಬಿಡುವುದೋ ಎಂಬುದು ಈಗ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಕೇಂದ್ರಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರನ್ನು, ಪಡಿತರ ಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಹಳ್ಳಿಯವರು ಹುಡುಕಿ ತೆಗೆಯುವುದು ಹೆಸರುಗಳಿರುವ ಕಾಗದ ಕೈಗೆ ಸಿಕ್ಕರೆ ಮಾತ್ರ. ಪುಟ್ಟಸ್ವಾಮಿಯವರು ಸರ್ಕಾರದಿಂದ ಪ್ರಜೆಯನ್ನು ಕಾಯಲು ಗೆದ್ದುಕೊಟ್ಟ ಹಕ್ಕನ್ನು, ಪ್ರಜೆಯಿಂದ ಸರ್ಕಾರಿ ಕಡತವನ್ನು ಕಾಯಲು ಬಳಸುವುದು ನನಗೆ ಅತ್ಯಂತ ನೋವು ತರುವ ಸಂಗತಿ.

ಕೃತಿಸ್ವಾಮ್ಯ ಇವೆರಡರಷ್ಟು ಗದ್ದಲ ಎಬ್ಬಿಸುವುದಿಲ್ಲ. ಆದರೆ ಓದುಗನ ದಿನನಿತ್ಯದ ಬದುಕನ್ನು ಅದು ಹೆಚ್ಚು ಹತ್ತಿರದಿಂದ ತಟ್ಟುತ್ತದೆ. ನಮ್ಮಲ್ಲಿ ಲೇಖಕ ಸತ್ತ 60 ವರ್ಷದವರೆಗೆ ಹಕ್ಕು ವಾರಸುದಾರರದು. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳು 1991ರ ಕೊನೆಗೆ ಸ್ವತಂತ್ರವಾಗಬೇಕಿದ್ದಾಗ, ಅದನ್ನು ತಡೆಯಲೆಂದೇ ಸುಗ್ರೀವಾಜ್ಞೆ ತಂದು ಅವಧಿಯನ್ನು ಹತ್ತು ವರ್ಷ ಬೆಳೆಸಲಾಯಿತು. ಬಂಗಾಳದ ಒಬ್ಬ ಕವಿಗಾಗಿ ಮಾಡಿದ ಬದಲಾವಣೆ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಅನ್ವಯಿಸಿತು. ಕನ್ನಡದ ಲೆಕ್ಕ ಹೀಗಿದೆ: 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಮತ್ತು ಕೈಲಾಸಂ 2007ರಿಂದ ಎಲ್ಲರ ಸೊತ್ತು. ಡಿ.ವಿ.ಜಿ. 2036ಕ್ಕೆ, ಬೇಂದ್ರೆ 2042ಕ್ಕೆ, ಕುವೆಂಪು 2055ಕ್ಕೆ, ಕಾರಂತರು 2058ಕ್ಕೆ. ಈ ದೊಡ್ಡವರ ಪುಸ್ತಕಗಳೇನೋ ಅಂಗಡಿಯಲ್ಲಿ ಸಿಗುತ್ತವೆ. ಒಂದೇ ಮುದ್ರಣ ಕಂಡು, ಪ್ರಕಾಶಕರೂ ಮುಚ್ಚಿಹೋಗಿ, ವಾರಸುದಾರರು ಎಲ್ಲಿದ್ದಾರೆಂದೇ ತಿಳಿಯದ ಸಾವಿರಾರು ಪುಸ್ತಕಗಳಿಗೆ ಈ 60 ವರ್ಷ ಗೆದ್ದಲು ಹಿಡಿಯಲು ಸಾಕಾಗುವಷ್ಟು ಸಮಯ.

ಕಾರಂತರ ಹೆಸರು ಬಂದದ್ದರಿಂದ ಒಂದು ಪ್ರಕರಣವನ್ನು ಹೇಳಲೇಬೇಕು. ಯಕ್ಷಗಾನವನ್ನು ಅವರು ಪರಿಷ್ಕರಿಸಿ ಕಟ್ಟಿದ ಬ್ಯಾಲೆಯನ್ನು, ಅವರು ತೀರಿಕೊಂಡ ಮೇಲೆ ಮಣಿಪಾಲದ ಶಿಕ್ಷಣ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಉಯಿಲಿನ ಪ್ರಕಾರ ಹಕ್ಕು ಪಡೆದಿದ್ದವರು ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಹಕ್ಕು ಅವರದೇ ಎಂದಿತು, ಜೊತೆಗೆ ಕಾಯ್ದೆಯ 52ನೇ ಸೆಕ್ಷನ್ ಕೊಡುವ ನ್ಯಾಯಯುತ ಬಳಕೆಯ ಅವಕಾಶ ಸಂಸ್ಥೆಗೂ ಇದೆ ಎಂದು ತಡೆಯಾಜ್ಞೆಯನ್ನು ತಿದ್ದಿತು. ಶತಮಾನಗಳಿಂದ ಬಯಲಿನಲ್ಲಿ ಬೆಳೆದ ಕಲೆಯಲ್ಲಿ ಒಬ್ಬ ಕಲಾವಿದ ಸೇರಿಸಿದ್ದೆಷ್ಟು, ಸಮುದಾಯದ್ದೆಷ್ಟು ಎಂಬುದು ಕಷ್ಟದ ಪ್ರಶ್ನೆ. ಆದರೆ ಇಲ್ಲಿ ಇಬ್ಬರೂ ನ್ಯಾಯಾಲಯದಲ್ಲಿ ನಿಂತಿದ್ದರು, ಇಬ್ಬರ ವಾದವನ್ನೂ ಕೇಳಲಾಯಿತು, ತೀರ್ಪು ಎರಡೂ ಕಡೆಯ ಭಾರವನ್ನು ತೂಗಿತು. 2016ರ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣವೂ ಅಂಥದೇ. ಆಕ್ಸ್‌ಫರ್ಡ್ ಮೊದಲಾದ ಪ್ರಕಾಶಕರು ಹೂಡಿದ ದಾವೆಯಲ್ಲಿ ವಿದ್ಯಾರ್ಥಿಗಳ ಸಂಘವೂ ಪಕ್ಷಗಾರನಾಗಿ ಸೇರಿತು. ಪಾಠಕ್ಕೆ ಬೇಕಾದ ಭಾಗಗಳನ್ನು ನಕಲು ಮಾಡುವುದು ತಪ್ಪಲ್ಲವೆಂದು ದೆಹಲಿ ಹೈಕೋರ್ಟ್ ಹೇಳಿತು.

ಇದಕ್ಕೆ ವಿರುದ್ಧವಾಗಿ, ಕೇಳದೆ ಕೊಟ್ಟ ಆದೇಶಗಳು ಹೇಗಿರುತ್ತವೆ ಎಂಬುದಕ್ಕೂ ಇಲ್ಲೇ ಒಂದು ಉದಾಹರಣೆಯಿದೆ. ಕಳ್ಳಪ್ರತಿ ಮಾಡುವವನ ಹೆಸರು ಗೊತ್ತಿಲ್ಲದಿದ್ದಾಗ 'ಅಶೋಕ್ ಕುಮಾರ್' ಎಂಬ ಕಲ್ಪಿತ ಹೆಸರಿನ ಮೇಲೆ ತಡೆಯಾಜ್ಞೆ ಪಡೆಯುವ ರೂಢಿ ನಮ್ಮ ನ್ಯಾಯಾಲಯಗಳಲ್ಲಿದೆ. 2002ರ ಫುಟ್‌ಬಾಲ್ ವಿಶ್ವಕಪ್ಪಿನ ಕೇಬಲ್ ಪ್ರಸಾರದ ಹೊತ್ತಿಗೆ ಶುರುವಾದ ಇದು ಈಗ ಸಿನಿಮಾ ಬಿಡುಗಡೆಯ ವಾರದ ಕ್ರಮವೇ ಆಗಿದೆ. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಸಿನಿಮಾಗಳಿಗಾಗಿ ಮದರಾಸು ಹೈಕೋರ್ಟ್ 2,600ಕ್ಕೂ ಹೆಚ್ಚು ತಾಣಗಳನ್ನು ಮುಚ್ಚಿಸಿದಾಗ ಇಂಟರ್ನೆಟ್ ಆರ್ಕೈವ್ ಕೂಡ ಅದರಲ್ಲಿ ಸೇರಿಹೋಯಿತು. ಕನ್ನಡಕ್ಕೆ ಅದು ಎಂಥ ನಷ್ಟವೆಂದು ಸಂಶೋಧಕರಿಗೆ ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರವಾಗಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿದ್ದ ಹಳೆಯ ಪುಸ್ತಕಗಳು, ಕೃತಿಸ್ವಾಮ್ಯದ ತಕರಾರಿನಲ್ಲಿ ಆ ತಾಣವೇ ನಿಂತ ಮೇಲೆ ಉಳಿದದ್ದು ಈ ಆರ್ಕೈವ್‌ನಲ್ಲಿ. ಕೆಲವು ದಿನಗಳಲ್ಲಿ ತಾಣ ಮತ್ತೆ ತೆರೆದುಕೊಂಡಿತು. ಆದರೆ ಮುಚ್ಚುವ ಮೊದಲು ಒಂದು ನೋಟಿಸ್ ಹೋಗಿದ್ದರೆ, ಅಲ್ಲಿ ಇರುವುದೇನೆಂದು ನ್ಯಾಯಾಲಯಕ್ಕೆ ತಿಳಿಯುತ್ತಿತ್ತು.

ಸಿನಿಮಾ ಕಳ್ಳಪ್ರತಿ ತಡೆಯಲು ಹುಟ್ಟಿದ ಈ ಉಪಾಯ ಅಲ್ಲೇ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಧರ್ಮಸ್ಥಳದಲ್ಲಿ ಗುಟ್ಟಾಗಿ ಶವಗಳನ್ನು ಹೂಳಲಾಗಿತ್ತೆಂಬ ಆರೋಪಗಳ ಸುದ್ದಿ ಎದ್ದಾಗ, ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಮಾನಹಾನಿಯ ದಾವೆಯಲ್ಲಿ ಏಕಪಕ್ಷೀಯ ತಡೆಯಾಜ್ಞೆ ಕೊಟ್ಟಿತು. ಹೆಸರಿಸಿದವರ ಜೊತೆಗೆ ಹೆಸರೇ ಗೊತ್ತಿಲ್ಲದವರಿಗೂ ಅದು ಅನ್ವಯ. ದಾವೆಯ ಜೊತೆಗಿದ್ದ ಪಟ್ಟಿಯಲ್ಲಿ 8,842 ಕೊಂಡಿಗಳಿದ್ದವು. ಮಾನ ಪ್ರತಿಯೊಬ್ಬರಿಗೂ ಅಮೂಲ್ಯ, ಸುಳ್ಳು ಆರೋಪದ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಷ್ಟು ಕೊಂಡಿಗಳಲ್ಲಿ ಯಾವುದು ಸುಳ್ಳು, ಯಾವುದು ವರದಿ, ಯಾವುದು ಪ್ರಶ್ನೆ ಎಂದು ಒಂದೊಂದಾಗಿ ನೋಡದೆ ಅಳಿಸಲು ಹೇಳುವುದು ನ್ಯಾಯವಿಚಾರಣೆ ಎನಿಸುವುದಿಲ್ಲ. ಮಂಗಳೂರು ಕಡೆಯ ಯೂಟ್ಯೂಬ್ ಚಾನೆಲೊಂದು ಪ್ರಶ್ನಿಸಿದಾಗ ಹೈಕೋರ್ಟ್ ಆಗಸ್ಟ್ 1ರಂದು ಆ ಚಾನೆಲ್ ಮಟ್ಟಿಗೆ ಆದೇಶವನ್ನು ತೆಗೆದುಹಾಕಿ, ಹೊಸದಾಗಿ ವಿಚಾರಿಸುವಂತೆ ಕೆಳ ನ್ಯಾಯಾಲಯಕ್ಕೆ ಕಳಿಸಿತು. ಸಹಯೋಗ್ ತೀರ್ಪು ಕೊಟ್ಟ ಅದೇ ನ್ಯಾಯಮೂರ್ತಿ ನಾಗಪ್ರಸನ್ನ ಅವರದೇ ಆದೇಶ ಇದು. ಇಲ್ಲಿ ಬಂದು ನಿಂತದ್ದು ಭಾರತದ ಪ್ರಜೆ, ಅವನಿಗೆ ಆದೇಶದ ಪ್ರತಿ ಸಿಕ್ಕಿತ್ತು. ಎರಡು ಪ್ರಕರಣಗಳ ಫಲ ಬೇರೆಯಾದದ್ದರಲ್ಲಿ ಈ ವ್ಯತ್ಯಾಸದ ಪಾಲು ದೊಡ್ಡದು.

ದೇಶದ ಕಾನೂನಿಗೂ ಹೊರಗೆ ಇನ್ನೊಂದು ಕಾನೂನಿದೆ. ರಾಯಚೂರಿನ ಗಾಯಕರೊಬ್ಬರು ಎಂದೋ ಎಲ್ಲರ ಸೊತ್ತಾದ ತತ್ವಪದವನ್ನು ಹಾಡಿ ಯೂಟ್ಯೂಬ್‌ಗೆ ಹಾಕಿದರೆನ್ನಿ. ಅದೇ ಧಾಟಿಯಲ್ಲಿ ಹಾಡಿಸಿದ ಕ್ಯಾಸೆಟ್ ಕಂಪನಿಯ ಪರವಾಗಿ ಯಂತ್ರವೇ ತಕರಾರು ಎತ್ತಬಹುದು. ಅದಕ್ಕೆ ಒಪ್ಪದಿದ್ದಾಗ ಕಂಪನಿ ವಿಡಿಯೊ ತೆಗೆಯಲು ಕೋರಿದರೆ ಸ್ಟ್ರೈಕ್ ಬೀಳುತ್ತದೆ. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಸ್ಟ್ರೈಕ್‌ಗೆ ಪ್ರತಿ ನೋಟಿಸ್ ಕೊಡಬೇಕಾದರೆ ಅಮೆರಿಕದ 1998ರ ಕಾಯ್ದೆಯ ಪ್ರಕಾರ ಅಲ್ಲಿನ ನ್ಯಾಯಾಲಯದ ವ್ಯಾಪ್ತಿಗೆ ಒಪ್ಪಿಕೊಳ್ಳಬೇಕು. ರಾಯಚೂರಿನಿಂದ ಯಾರು ಕ್ಯಾಲಿಫೋರ್ನಿಯಕ್ಕೆ ಹೋಗಿ ವಾದಿಸುತ್ತಾರೆ? ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇದಕ್ಕಿಂತ ನ್ಯಾಯವಾದ ಕ್ರಮವಿದೆ: ದೂರು ಕೊಟ್ಟವರು 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತರದಿದ್ದರೆ ತಡೆದದ್ದನ್ನು ಮತ್ತೆ ತೆರೆಯಬಹುದು. ಅದನ್ನು ಕಂಪನಿಗಳು ಇಲ್ಲಿ ಪಾಲಿಸುವಂತೆ ಮಾಡುವ ಆಸಕ್ತಿ ಯಾವ ಸರ್ಕಾರವೂ ತೋರಿಲ್ಲ.

ಹಕ್ಕುದಾರರೇ ಬಾಗಿಲು ತೆರೆದ ಉದಾಹರಣೆಗಳೂ ಕನ್ನಡದಲ್ಲಿವೆ. ನಿರಂಜನರ ಕುಟುಂಬ ಅವರ ಕೃತಿಗಳನ್ನು ಯಾರು ಬೇಕಾದರೂ ಹಂಚಿಕೊಳ್ಳಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಮೈಸೂರು ವಿಶ್ವವಿದ್ಯಾಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹಾಗೆಯೇ ಕೊಟ್ಟದ್ದರಿಂದ ಕನ್ನಡ ವಿಕಿಪೀಡಿಯಕ್ಕೆ ಎಷ್ಟೋ ಲೇಖನಗಳು ಬಂದವು. ಸರ್ಕಾರದ ಹಣದಲ್ಲಿ ಅಚ್ಚಾದ ಅಕಾಡೆಮಿ, ಪ್ರಾಧಿಕಾರಗಳ ಪುಸ್ತಕಗಳೆಲ್ಲ ಇದೇ ದಾರಿ ಹಿಡಿಯಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇಲಾಖೆಯ ಒಂದು ಆದೇಶ ಸಾಕು.

ಕೇಳಿ ಮಾಡಿದ ಕಾನೂನು ಎಷ್ಟು ಗಟ್ಟಿಯಾಗಿರುತ್ತದೆ ಎಂಬುದನ್ನು ಒಮ್ಮೆ ನಾವೇ ಕಂಡಿದ್ದೇವೆ. ಕೆಲವು ತಾಣಗಳಿಗೆ ಉಚಿತ, ಉಳಿದವಕ್ಕೆ ಹಣ ಎಂಬ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್‌ನಂಥ ಯೋಜನೆಗಳು ಬಂದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸಾರ್ವಜನಿಕರ ಅಭಿಪ್ರಾಯ ಕೇಳಿತು. 2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಬೆಂಗಳೂರಿನ ತಂತ್ರಜ್ಞರು ಕೆಲಸದ ನಡುವೆ ಬಿಡುವು ಮಾಡಿಕೊಂಡು ಅದಕ್ಕೆ ದುಡಿದರು. ಕಂಪನಿಗಳ ಉತ್ತರಗಳನ್ನೂ ಜನರ ಉತ್ತರಗಳನ್ನೂ ಟ್ರಾಯ್ ತನ್ನ ತಾಣದಲ್ಲಿ ಹಾಕಿತು, ಬಹಿರಂಗ ಸಭೆ ನಡೆಸಿತು. 2016ರ ಫೆಬ್ರುವರಿ 8ರಂದು ತಾಣದಿಂದ ತಾಣಕ್ಕೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ವಿಶ್ವದ ಅತ್ಯಂತ ಶ್ರೀಮಂತ ಕಂಪನಿಗಳಲ್ಲಿ ಒಂದರ ಯೋಜನೆ ಇಲ್ಲಿ ನಿಂತುಹೋಯಿತು. ಟ್ರಾಯ್ ಅಧಿಕಾರಿಗಳು ಬೇರೆಯವರಿಗಿಂತ ಒಳ್ಳೆಯವರಾಗಿದ್ದರು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಟ್ರಾಯ್ ಕಾಯ್ದೆಯ 11(4)ನೇ ಸೆಕ್ಷನ್, ಪ್ರಾಧಿಕಾರ ಪಾರದರ್ಶಕವಾಗಿ ಕೆಲಸ ಮಾಡಲೇಬೇಕೆಂದು ಕಟ್ಟುಮಾಡುತ್ತದೆ. 2023ರ ದೂರಸಂಪರ್ಕ ಕಾಯ್ದೆ ಅಂಗೀಕಾರವಾದದ್ದಾದರೋ ವಿರೋಧ ಪಕ್ಷಗಳ 146 ಸಂಸದರು ಅಮಾನತಾಗಿದ್ದ ಅಧಿವೇಶನದಲ್ಲಿ.

69ಎಯ ಗುಟ್ಟಿನ ನಿಯಮವನ್ನು ಪ್ರಶ್ನಿಸಿದ ಅರ್ಜಿಯೊಂದು ಈಗ ಸುಪ್ರೀಂ ಕೋರ್ಟಿನ ಮುಂದಿದೆ. 2025ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ನೋಟಿಸ್ ಕೊಡುವಾಗ, ಬರೆದವನು ಯಾರೆಂದು ಪತ್ತೆಯಾಗುವಂತಿದ್ದರೆ ಅವನಿಗೆ ತಿಳಿಸಬೇಕು ಎಂಬ ಅರ್ಥದ ಮಾತು ಪೀಠದಿಂದ ಬಂತು. ನ್ಯಾಯಾಲಯ ಅದನ್ನೇ ಅಂತಿಮ ತೀರ್ಪಿನಲ್ಲಿ ಹೇಳಿ, 8ನೇ ನಿಯಮವನ್ನು ಕಂಪನಿ ಮತ್ತು ಬರೆದವನು ಇಬ್ಬರಿಗೂ ನೋಟಿಸ್ ಎಂದು ಓದಿದರೆ, ತುರ್ತು ಆದೇಶವಾದರೆ 48 ಗಂಟೆಗಳ ನಂತರವಾದರೂ ಪ್ರತಿ ಕೊಡಬೇಕೆಂದರೆ, ಸಂಸತ್ತಿನ ಮುಂದೆ ಹೋಗದೆಯೇ ಬಹಳಷ್ಟು ಸರಿಯಾಗುತ್ತದೆ. ಸಹಯೋಗ್ ಪ್ರಕರಣವೂ ಏಕಸದಸ್ಯ ಪೀಠದ ತೀರ್ಪಿಗೆ ಮುಗಿಯಲಿಲ್ಲ, ಕಂಪನಿ ಮೇಲ್ಮನವಿಗೆ ಹೋಗಿದೆ. ಆದರೆ ಈ ಮೇಲ್ಮನವಿಯನ್ನು ಕಂಪನಿಯ ಕೈಗೇ ಬಿಡಬಾರದು. ಬರಹ ಕಳೆದುಕೊಂಡ ಕನ್ನಡದ ಪತ್ರಕರ್ತರು, ಚಾನೆಲ್ ಕಳೆದುಕೊಂಡ ಕಲಾವಿದರು, ಅವರ ಸಂಘಟನೆಗಳು ಮಧ್ಯಪ್ರವೇಶದ ಅರ್ಜಿ ಹಾಕಿ ಬೆಂಗಳೂರಿನ ಹೈಕೋರ್ಟಿನಲ್ಲೇ ತಮ್ಮ ಹೆಸರಿನಲ್ಲಿ ನಿಲ್ಲಬಹುದು. 19ನೇ ವಿಧಿ ಅವರದು.